ಪೆಟ್ಟಿಗೆ ದಾಟಿಸುವ ಕ್ರಮ

ಸೆಪ್ಟೆಂಬರ್ 12, 2024, ಗುರುವಾರ
ಶಿಕಾರಿಪುರ

ಇವತ್ತು ಮತ್ತೊಂದು ಕಳೆಯಿತು. ಲ್ಯಾಬಿನ ಕಿಟಕಿ ಪಕ್ಕದ ಕಂಪ್ಯೂಟರಿನಿಂದ ಬಾಗಿಲ ಪಕ್ಕದ ಕಂಪ್ಯೂಟರಿಗೆ ಹೊರಟದ್ದು ಅಲ್ಲಿಗೆ ಮುಟ್ಟಲಿಲ್ಲ. ಹೊರಟ ಕಡೆ ಹುಡುಕಿದರೆ ಅಲ್ಲೂ ಇಲ್ಲ. ನಡುವೆ ಇರುವುದು ಒಂದಿಷ್ಟು ಮಾರು ವೈರು. ಆ ವೈರಿನೊಳಗೆ ಏನಾಗುತ್ತದೆ ಎಂದು ತಿಳಿಯುವುದಕ್ಕೇ ನಾನು ವರ್ಷಗಟ್ಟಲೆ ಪಿಎಚ್‌ಡಿ ಎಂಬ ಹೆಸರಿನಲ್ಲಿ ಕೂದಲು ಉದುರಿಸಿಕೊಂಡಿದ್ದೇನೆ. ಕಾಲೇಜಿನಲ್ಲಿ ನನ್ನ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಡಾಕ್ಟರುಗಳಾದರು. ನಾನು ಇನ್ನೂ ಬರೀ ಪ್ರದೀಪ್ ಸಾರ್.

ಮನೆಯಲ್ಲಿ ನನ್ನ ಸಪ್ಪೆ ಮೋರೆ ನೋಡಿ ಹೆಂಡತಿ ಶ್ರೀಲತಾ ಕೇಳಿದಳು, “ಏನ್ರೀ ಅದು, ದಿನಾ ಕಳೀತು ಕಳೀತು ಅಂತೀರಲ್ಲ?”

ಅವಳು ಪ್ರೈಮರಿ ಶಾಲೆಯ ಟೀಚರು. ಅವಳಿಗೆ ತಿಳಿಯುವಂತೆ ಹೇಳಿದರೆ ಯಾರಿಗಾದರೂ ತಿಳಿಯುತ್ತದೆ ಎಂದು ನಿಧಾನವಾಗಿ ಹೇಳಿದೆ. ಪ್ರೋಗ್ರಾಮಿನೊಳಗೆ ಆಬ್ಜೆಕ್ಟ್ ಅಂತ ಒಂದಿರುತ್ತದೆ. ಅದಕ್ಕೊಂದು ಹೆಸರು, ತನ್ನದೇ ನೆನಪು, ಕೈಯಲ್ಲೊಂದು ಕೆಲಸ. ಅದು ಕೆಲಸ ಮಾಡುತ್ತಿರುವಾಗಲೇ ಈ ಮಷಿನ್ನಿನಿಂದ ಎತ್ತಿ ಆ ಮಷಿನ್ನಿನಲ್ಲಿ ಇಳಿಸಬೇಕು. ಇಳಿದ ಮೇಲೆ ನಿಲ್ಲಿಸಿದ ಮಾತಿನಿಂದಲೇ ಅದು ಮುಂದುವರಿಯಬೇಕು. ತನ್ನನ್ನು ಎತ್ತಿದ್ದೇ ಅದಕ್ಕೆ ಗೊತ್ತಾಗಬಾರದು.

“ನಮ್ಮನ್ನ ಮದುವೆ ಮಾಡಿ ಕಳಿಸೋವಾಗಲೂ ಹಂಗೇ ಅಂದ್ಕಂಡಿದ್ರು. ಗೊತ್ತಾಗ್ತದೆ ಬಿಡಿ,” ಎಂದು ಅನ್ನ ಬಡಿಸಿದಳು.

ಥೀಸಿಸ್ ಕೊಡಲು ಡಿಸೆಂಬರಿಗೆ ಗಡುವು. ಇನ್ನು ಮುಂದೆ ಹಾಕುವುದಿಲ್ಲವೆಂದು ಯೂನಿವರ್ಸಿಟಿಯವರು ಬರೆದು ತಿಳಿಸಿದ್ದಾರೆ.

ಸೆಪ್ಟೆಂಬರ್ 23, ಸೋಮವಾರ

ಉಳವಿಯಿಂದ ಕಲ್ಲಪ್ಪ ಮಾವನ ಫೋನು. ಅವ್ವನ ತಮ್ಮ. ಅವ್ವ ತೀರಿಕೊಂಡು ಮನೆ ಪಾಲಾದ ಮೇಲೆ ನಮಗೂ ಹೊಸಬಾಳೆಯವರಿಗೂ ಏನಾದರೂ ಮಾತು ಸಾಗಬೇಕಿದ್ದರೆ ಅದು ಈ ಮಾವನ ಮೂಲಕವೇ ಸಾಗಬೇಕು. ಹೊಸಬಾಳೆಯವರು ಎಂದರೆ ಸೊರಬದ ಹತ್ತಿರದ ನಮ್ಮೂರಿನಲ್ಲೇ ಉಳಿದ ಉಚ್ಚಂಗಪ್ಪ. ನನ್ನ ಒಡಹುಟ್ಟಿದ ಹಿರಿಯರು. ನನ್ನ ಪಾಲಿನ ಗದ್ದೆಯನ್ನು ನಾನು ಮಾರಿದ್ದಕ್ಕೆ ಅವರಿಗೆ ಸಿಟ್ಟು. ಮೊದಲು ಅವರನ್ನು ಒಂದು ಮಾತು ಕೇಳಬೇಕಿತ್ತಂತೆ. ನನ್ನ ಪಾಲು, ನಾನು ಮಾರಿದೆ.

“ಕಾರ್ತಿಕ ಹತ್ರ ಬಂತು ಪ್ರದೀಪ. ಈ ಸಲ ಪೆಟ್ಟಿಗೆ ನೀನು ಒಯ್ದು ಕೊಡ್ಬೇಕು, ನೆನಪೈತಲ್ಲ?” ಎಂದರು ಮಾವ.

“ಐತೆ ಮಾವ.”

“ಆ ದಿನನಾದ್ರೂ ಅವನ್ನ ಮಾತಾಡ್ಸು ಮಾರಾಯ.”

“ಮಾತಾಡ್ತೀವಲ್ಲ. ಒಬ್ರು ಕೇಳ್ತೀವಿ, ಇನ್ನೊಬ್ರು ಹೇಳ್ತೀವಿ.”

ಮಾವ ಫೋನಿಟ್ಟರು. ನಾನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಪಾಲಾಗುವಾಗ ಗದ್ದೆ, ಮನೆ, ಹಂಡೆ, ಒರಳು ಎಲ್ಲವನ್ನೂ ಭಾಗ ಮಾಡಿದರು. ಭಾಗವಾಗದೆ ಉಳಿದದ್ದು ದೇವರ ಪೆಟ್ಟಿಗೆ. ಹಲಸಿನ ಮರದ್ದು, ಒಬ್ಬ ಆಳು ಎದೆಗವಚಿಕೊಂಡು ಎತ್ತುವಷ್ಟು ಭಾರ. ಒಳಗೆ ಮನೆದೇವರು ಅಮ್ಮನ ಹಿತ್ತಾಳೆ ಮುಖ, ಒಂದು ಗಂಟೆ, ಒಂದು ಬೆತ್ತ. ಅಜ್ಜನ ಕಾಲದಲ್ಲಿ ನಡೆದಂತೆ ನಮ್ಮಲ್ಲೂ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಕಾರ್ತಿಕದ ಕಡೆಯ ಸೋಮವಾರ ಇಟ್ಟುಕೊಂಡವರು ಒಯ್ದು ಕೊಡಬೇಕು. ನೆಲಕ್ಕಿಡುವಂತಿಲ್ಲ. ಅಂಗಳದಲ್ಲಿ ಎದುರುಬದುರು ನಿಂತು, ನಾಲ್ಕು ಕೈಯೂ ಪೆಟ್ಟಿಗೆಯ ಮೇಲಿರುವಾಗ ಕೊಡುವವನು “ಹಿಡ್ಕಂಡ್ಯ?” ಎನ್ನಬೇಕು. “ಹಿಡ್ಕಂಡೆ, ಬಿಡು” ಎಂದು ಇನ್ನೊಬ್ಬ ಹೇಳಿದ ಮೇಲೇ ಕೈ ಬಿಡಬೇಕು. ಆಮೇಲೆ ಇಬ್ಬರೂ ಒಟ್ಟಿಗೆ ಕೂತು ಊಟ. ಈಚಿನ ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ.

ಹೋದ ವರ್ಷ ಅದೂ ನೆಟ್ಟಗಾಗಲಿಲ್ಲ. ಹೊಸಬಾಳೆಯವರು ಪೆಟ್ಟಿಗೆ ತಂದರು. ಶ್ರೀಲತಾ ಕಾಲಿಗೆ ನೀರು ಕೊಟ್ಟಳು. ನಾನು ಕೈ ಒಡ್ಡಿದೆ. “ಹಿಡ್ಕಂಡ್ಯ?” ಎಂದರು. ನಾನು ಬಾಯಿ ತೆರೆಯುವುದರೊಳಗೆ ಬಿಟ್ಟೇಬಿಟ್ಟರು. ಮೊಣಕಾಲು ಅಡ್ಡ ಕೊಟ್ಟು ಹೇಗೋ ಹಿಡಿದೆ. ಊಟಕ್ಕೆ ಕೂರಲಿಲ್ಲ. ತಂದಿಟ್ಟ ಕಾಫಿಯನ್ನು ಮುಟ್ಟಲಿಲ್ಲ. ಎರಡೂ ಕೈಗೆ ಟವೆಲು ಸುತ್ತಿಕೊಂಡು, “ಬಸ್ಸಿಗೆ ಹೊತ್ತಾತು” ಎಂದು ಹೊರಟೇಹೋದರು. ತಮ್ಮನ ಮನೆಯ ಒಂದು ಲೋಟ ಕಾಫಿ ಬೇಡವಾಗುವಷ್ಟು ತಾತ್ಸಾರ. ನನ್ನ ಮೇಲಿನ ಸಿಟ್ಟನ್ನು ದೇವರ ಮೇಲೆ ತೀರಿಸಿಕೊಳ್ಳುವವರನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಅಕ್ಟೋಬರ್ 1, ಮಂಗಳವಾರ

ಕೊನೆಯ ವರ್ಷದವರಿಗೆ ನನ್ನ ವಿಷಯವನ್ನೇ ಪಾಠ ಮಾಡಿದೆ. ಸಿಲೆಬಸ್ಸಿನಲ್ಲಿ ಅರ್ಧ ಪುಟ ಇದೆ, ನಾನು ಎರಡು ಪೀರಿಯಡ್ ಎಳೆಯುತ್ತೇನೆ. ಕಳಿಸುವ ಮಷಿನ್ ತನ್ನಲ್ಲಿರುವ ಆಬ್ಜೆಕ್ಟನ್ನು ಕಟ್ಟಿ ಕಳಿಸುತ್ತದೆ, ಆದರೆ ಅಳಿಸುವುದಿಲ್ಲ. ಮುಟ್ಟಿತು ಎಂದು ಆಚೆ ಕಡೆಯಿಂದ ಉತ್ತರ ಬರಬೇಕು. ಬಂದ ಮೇಲೇ ಇಲ್ಲಿಯದನ್ನು ಅಳಿಸಬೇಕು. ಉತ್ತರಕ್ಕೆ ಕಾಯದೆ ಅಳಿಸಿದರೆ ಆಬ್ಜೆಕ್ಟ್ ಎರಡೂ ಕಡೆ ಇಲ್ಲದಂತಾಗಬಹುದು. ಉತ್ತರ ದಾರಿಯಲ್ಲೇ ಕಳೆದುಹೋದರೆ ಎರಡೂ ಕಡೆ ಇದ್ದುಬಿಡುತ್ತದೆ. ಎರಡೂ ತಾನೇ ನಿಜವಾದದ್ದು ಎಂದುಕೊಂಡು ಕೆಲಸ ಮಾಡುತ್ತಿರುತ್ತವೆ. ಅದು ಇನ್ನೂ ದೊಡ್ಡ ಗಂಡಾಂತರ.

ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಪೆಟ್ಟಿಗೆಯ ನೆನಪಾಯಿತು. ಹೋದ ವರ್ಷ ಹೊಸಬಾಳೆಯವರು ಮಾಡಿದ್ದು ಮೊದಲನೆಯ ತಪ್ಪು: ಉತ್ತರಕ್ಕೆ ಕಾಯದೆ ಬಿಟ್ಟದ್ದು. ಓದದಿದ್ದರೂ ಅವರಿಗೆ ಕ್ರಮ ಗೊತ್ತಿತ್ತಲ್ಲ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, “ಸಾರ್, ಉತ್ತರ ಬರುತ್ತೆ, ಆದ್ರೆ ಬೇರೆ ಏನೋ ಉತ್ತರ ಬರುತ್ತೆ ಅಂದ್ರೆ?”

“ಬೇರೆ ಉತ್ತರ ಅಂತ ಇಲ್ಲಮ್ಮ. ಬಂತು, ಇಲ್ಲ ಬರಲಿಲ್ಲ. ಎರಡೇ.”

ಅಕ್ಟೋಬರ್ 9, ಬುಧವಾರ

ಗೈಡ್‌ಗೆ ಫೋನ್ ಮಾಡಿ ನನ್ನ ಗೋಳು ಹೇಳಿಕೊಂಡೆ. ಹತ್ತು ಸಲ ಸರಿಯಾಗಿ ದಾಟಿದ್ದು ಹನ್ನೊಂದನೇ ಸಲ ಕಳೆಯುತ್ತದೆ ಎಂದೆ.

“ದಾಟಿಸೋದೇ ಯಾಕ್ರೀ? ಅಲ್ಲೊಂದು ಇಲ್ಲೊಂದು ಇಟ್ಟುಬಿಡಿ,” ಎಂದರು. “ಈಗ ಮೆಮೊರಿಗೇನು ಬರವಾ? ಎರಡು ಪ್ರತಿ ಮಾಡಿ. ಯಾವುದಕ್ಕೂ ಯಾವುದನ್ನೂ ಕೇಳೋ ಪ್ರಮೇಯ ಇರಲ್ಲ. ಕೊನೇ ಅಧ್ಯಾಯ ಹಾಗೆ ಬರೀರಿ, ಮುಗಿಸಿ.”

ಇಷ್ಟು ವರ್ಷ ನನಗೆ ಹೊಳೆಯದೆ ಇದ್ದದ್ದು ಇಷ್ಟು ಸುಲಭದ್ದೇ? ಮನೆಗೆ ನಡೆದು ಬರುವಾಗ ಮೈ ಹಗುರವಾಗಿತ್ತು. ಗೇಟು ತೆಗೆಯುವ ಹೊತ್ತಿಗೆ ಇನ್ನೊಂದೂ ಹೊಳೆಯಿತು. ಪೆಟ್ಟಿಗೆಯನ್ನಾದರೂ ವರ್ಷ ವರ್ಷ ಯಾಕೆ ಹೊರಬೇಕು?

ಅಕ್ಟೋಬರ್ 28, ಸೋಮವಾರ

ಶಿವಮೊಗ್ಗದ ಎರಕದವರು ಅಮ್ಮನ ಮುಖದ ಇನ್ನೊಂದು ಪ್ರತಿಯನ್ನು ಹೇಳಿದ ದಿನಕ್ಕೇ ಕೊಟ್ಟರು. ನಿಜಕ್ಕೂ ಕೈಚಳಕವೇ. ಅಮ್ಮನ ಮೂಗಿನ ಬೊಟ್ಟು, ಕಿವಿಯ ಓಲೆ, ಎಡಗೆನ್ನೆಯ ಮೇಲಿನ ಸಣ್ಣ ಗೀರು ಸಹ ಬಂದಿದೆ. ಪೆಟ್ಟಿಗೆಯನ್ನೂ ಹಲಸಿನಲ್ಲೇ ಮಾಡಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಸ್ಪಂದನಳನ್ನು ಕರೆದು ಹಳೆಯದು ಯಾವುದು ಹೇಳು ಎಂದೆ. ಎಂಟನೇ ಕ್ಲಾಸಿನ ಚೂಟಿ ಹುಡುಗಿ ನಮ್ಮ ಮಗಳು. ಬಗ್ಗಿ ಮೂಸಿ ನೋಡಿ ಸರಿಯಾಗಿ ತೋರಿಸಿದಳು. ಮೂಸುವುದು ಲೆಕ್ಕಕ್ಕಿಲ್ಲ ಎಂದೆ.

ಪೂಜಾರಿಯನ್ನು ಕರೆಸಿ ಎರಡಕ್ಕೂ ಒಟ್ಟಿಗೆ ಪೂಜೆ ಮಾಡಿಸಿದ್ದಾಯಿತು. ಆತನ ತಕರಾರೇನಿಲ್ಲ. ದಕ್ಷಿಣೆಯೂ ಎರಡು ಕೇಳಿದ.

ಶ್ರೀಲತಾ ಮಾತ್ರ ಬಾಗಿಲಿಗೊರಗಿ ನಿಂತಿದ್ದಳು. “ಅವರು ಬರೋದೂ ಬ್ಯಾಡ, ನೀವು ಹೋಗೋದೂ ಬ್ಯಾಡ. ಅದಕ್ಕೇ ಅಲ್ವಾ?”

“ಅವರ ಅನುಕೂಲಕ್ಕೇ ಕಣೇ. ವಯಸ್ಸಾಯ್ತು. ಅಷ್ಟು ಭಾರ ಹೊತ್ತು ಬಸ್ಸು ಹತ್ತಿ ಇಳೀಬೇಕಲ್ಲ.”

“ಅವರು ನಿಮಗೆ ಭಾರ ಅಂತ ಹೇಳಿದ್ರಾ?”

ಇವಳ ಹತ್ತಿರ ವಾದಕ್ಕೆ ಇಳಿಯಬಾರದು.

ನವೆಂಬರ್ 6, ಬುಧವಾರ

ದೀಪಾವಳಿ ಮುಗಿಯಿತು. ಕಲ್ಲಪ್ಪ ಮಾವ ಹೊಸಬಾಳೆಗೆ ಹೋಗಿ ನನ್ನ ಯೋಚನೆಯನ್ನು ತಿಳಿಸಿ ಬಂದು ಫೋನ್ ಮಾಡಿದ್ದರು.

“ಏನಂದ ಉಚ್ಚಂಗಪ್ಪ?”

“ಆತು ಅಂದ.”

“ಅಷ್ಟೇನಾ?”

“ಅಷ್ಟೇ ಕಣಪ್ಪ. ಆತು, ಅವನಿಗೆ ಹೆಂಗೆ ಅನುಕೂಲನೋ ಹಂಗೆ ಮಾಡ್ಲಿ ಅಂದ.”

ನಾನು ಜಗಳವನ್ನು ನಿರೀಕ್ಷಿಸಿದ್ದೆ. ಉತ್ತರಗಳನ್ನೂ ಸಿದ್ಧ ಮಾಡಿಕೊಂಡಿದ್ದೆ. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿದರೆ ಅವನಿಗೂ ಇದು ಬೇಕಿತ್ತೆಂದು ಕಾಣುತ್ತದೆ. ನನ್ನ ಮುಖ ನೋಡುವುದು ತಪ್ಪಿತಲ್ಲ. ಒಳ್ಳೆಯದೇ ಆಯಿತು.

ಒಳ್ಳೆಯದೇ ಆಯಿತು ಎಂದು ಬರೆದ ಮೇಲೂ ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದೆ.

ನವೆಂಬರ್ 25, ಸೋಮವಾರ

ಕಾರ್ತಿಕದ ಕಡೆಯ ಸೋಮವಾರ. ಹೊಸ ಪೆಟ್ಟಿಗೆಯನ್ನು ಬಿಳಿ ಪಂಚೆಯಲ್ಲಿ ಕಟ್ಟಿ ಸೊರಬದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಪರಿಚಯದವನು, ಇಂಜಿನ್ ಪಕ್ಕ ಜಾಗ ಮಾಡಿ ಇಟ್ಟುಕೊಂಡ. ಸೊರಬದ ಸ್ಟ್ಯಾಂಡಿಗೆ ಉಚ್ಚಂಗಪ್ಪ ಬಂದು ತೆಗೆದುಕೊಳ್ಳುತ್ತಾನೆಂದು ಮಾವನಿಂದ ಹೇಳಿಸಿದ್ದೆ.

ನಾನೇ ಹೋಗಬಹುದಿತ್ತು. ಕೊನೆಯ ಅಧ್ಯಾಯ ತಿದ್ದುವುದಿತ್ತು. ಯಾವುದನ್ನು ಕಳಿಸುತ್ತೀಯ ಎಂದು ಅಲ್ಲಿಂದ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಳೆಯದು ಈ ವರ್ಷ ಇಲ್ಲಿತ್ತು, ಹಾಗಾಗಿ ಇಲ್ಲೇ ಉಳಿಯಿತು.

“ಅಪ್ಪ, ದೇವ್ರಿಗೆ ಫುಲ್ ಟಿಕೆಟ್ಟಾ, ಹಾಫ್ ಟಿಕೆಟ್ಟಾ?” ಎಂದಳು ಸ್ಪಂದನ. ಲಗೇಜು ಎಂದೆ. ಅವಳು ನಗಲಿಲ್ಲ.

ಮಧ್ಯಾಹ್ನ ಅಂಗಳದಲ್ಲಿ ಸುಮ್ಮನೆ ಓಡಾಡಿದೆ. ಪ್ರತಿ ವರ್ಷ ಈ ಹೊತ್ತಿಗೆ ಒಂದೋ ಹೊರಡುವ ಗಡಿಬಿಡಿ, ಇಲ್ಲ ಕಾಯುವ ಗಡಿಬಿಡಿ. ಶ್ರೀಲತಾ ಪಾಯಸ ಮಾಡಿದ್ದಳು. ಯಾರಿಗೆ ಎಂದು ಕೇಳಿದ್ದಕ್ಕೆ ಅಭ್ಯಾಸಬಲ ಎಂದಳು. ನಾವು ಮೂವರೇ ಉಂಡೆವು.

ನವೆಂಬರ್ 26

ಮುಟ್ಟಿತು ಎಂದು ಮಾವ ಫೋನ್ ಮಾಡಿದ್ದರು.

ಡಿಸೆಂಬರ್ 12, ಗುರುವಾರ

ಥೀಸಿಸ್ ಕೊಟ್ಟು ಬಂದೆ. ನೀಲಿ ರೆಕ್ಸಿನ್ನು, ಬಂಗಾರದ ಅಕ್ಷರ. ಗೈಡ್ ಕೈ ಕುಲುಕಿ, “ನೋಡಿ, ಎಷ್ಟು ಸಲೀಸಾಯ್ತು,” ಎಂದರು. ಕಾಲೇಜಿನಲ್ಲಿ ಎಲ್ಲರಿಗೂ ಪೇಡ ಹಂಚಿದೆ. ಮನೆಗೆ ಬಂದು ಹಳೆ ಪೆಟ್ಟಿಗೆಯ ಮುಂದೆ ಒಂದು ಪ್ರತಿ ಇಟ್ಟು ಕೈ ಮುಗಿದೆ. ಇದನ್ನು ನೋಡಿದ್ದರೆ ಅವ್ವ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಮ್ಮಣ್ಣನೂ ಹೇಳುತ್ತಿದ್ದ, ಮೊದಲಾಗಿದ್ದರೆ. ಎಸ್‌ಎಸ್‌ಎಲ್‌ಸಿಯಲ್ಲಿ ನಾನು ಪಾಸಾದಾಗ ಗದ್ದೆಯಲ್ಲಿದ್ದವನು ಕೆಸರುಗಾಲಲ್ಲೇ ಅಂಗಡಿಗೆ ಓಡಿ ಸಕ್ಕರೆ ತಂದಿದ್ದ.

ಯಾಕೋ ಅದು ನೆನಪಾಯಿತು.

ಡಿಸೆಂಬರ್ 19, ಗುರುವಾರ

ಬಸ್ ಸ್ಟ್ಯಾಂಡಿನಲ್ಲಿ ಆ ಕಂಡಕ್ಟರ್ ಸಿಕ್ಕಿದ. ನನ್ನನ್ನು ಕಂಡವನೇ ತಲೆ ತಗ್ಗಿಸಿದ. ಏನಪ್ಪ ಎಂದೆ.

“ಸಾರ್, ಬೈಬ್ಯಾಡ್ರಿ. ನಿಮಗೆ ವಿಷ್ಯ ಗೊತ್ತಾಗೇ ಇರ್ತದೆ.”

“ಯಾವ ವಿಷಯ?”

“ಅದೇ, ಪೆಟ್ಟಿಗೆ ಬಿದ್ದಿದ್ದು. ನಂದೇನೂ ತಪ್ಪಿಲ್ರಿ. ನಾ ಬಸ್ಸಿಂದ ಇಳಿಸಿ ಕೊಟ್ಟೆ. ಅವ್ರು ಎರಡೂ ಕೈ ಕೆಳಗೆ ಕೊಟ್ಟು, ಹಿಡ್ಕಂಡೆ, ಬಿಡು ಅಂದ್ರು. ನಾ ಏನೂ ಕೇಳಿರ್ಲಿಲ್ರಿ, ಅವರೇ ಅಂದ್ರು. ಸರಿ ಅಂತ ಬಿಟ್ಟೆ. ಬಿದ್ದೇ ಹೋತು. ಮುಚ್ಚಳ ಕಿತ್ತು ಅಮ್ಮನ ಮುಖ ಟಾರ್ ಮ್ಯಾಲೆ ಉಳ್ಳಾಡ್ತು. ಜನ ಎಲ್ಲ ನೋಡಿದ್ರು.”

“ಅವರು ಏನಂದ್ರು?”

“ಏನೂ ಅನ್ಲಿಲ್ರಿ. ಕೆಳಗೆ ಕುಂತ್ಕಂಡು ಟವೆಲಿಂದ ಅಮ್ಮನ ಮುಖ ಒರೆಸ್ತಾ ಇದ್ರು. ನಾನೇ ಎಲ್ಲ ಎತ್ತಿ ಆಟೋಕ್ಕೆ ಇಟ್ಟೆ. ತಮ್ಮಂಗೆ ಹೇಳಬ್ಯಾಡ ಅಂದ್ರು. ಕೈ ಹಂಗೆ ನಡುಗ್ತಾವಲ್ರಿ ಅವರ್ದು, ಪಾಪ. ನಿಮಗೆ ಗೊತ್ತಿಲ್ವಾ?”

“ಗೊತ್ತು,” ಎಂದೆ.

ನನಗೆ ಗೊತ್ತಿರಲಿಲ್ಲ. ಗೊತ್ತು ಎಂದು ಹೇಳಿ ಮನೆಗೆ ಬಂದೆ.

ಡಿಸೆಂಬರ್ 20

ಆ ಟವೆಲು. ಆ ಕಾಫಿ ಲೋಟ.

ತಾತ್ಸಾರ ಎಂದು ಬರೆದಿದ್ದೆ. ಲೋಟ ಎತ್ತಿದರೆ ಚೆಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಪೆಟ್ಟಿಗೆಯನ್ನು ಹೊಸಬಾಳೆಯಿಂದ ನಮ್ಮ ಗೇಟಿನವರೆಗೆ ಹೇಗೆ ತಂದನೋ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಇಳಿಯುವಾಗ ಎದೆಗೊತ್ತಿಕೊಂಡು ತಂದಿರಬೇಕು. ನನ್ನ ಉತ್ತರದವರೆಗೆ ತಡೆದುಕೊಳ್ಳಲು ಆಗಲಿಲ್ಲ. ಒಂದು ಉಸಿರಿನಷ್ಟು ಹೊತ್ತು. ನಾನು ಬೇಗ ಹೇಳಬಹುದಿತ್ತು. ಬೇಕೆಂದೇ ಸ್ವಲ್ಪ ತಡ ಮಾಡಿದ್ದೆ, ಗತ್ತಿಗೆ.

ಡಿಸೆಂಬರ್ 24, ಮಂಗಳವಾರ

ಹೋಗಬೇಕು. ನಾಳೆ ರಜೆ ಇದೆ.

ಡಿಸೆಂಬರ್ 25

ಹೋಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಸೊರಬದ ಬಸ್ಸು ಹೊರಡುವುದನ್ನು ನೋಡಿಕೊಂಡು ಬಂದೆ. ಹೋಗಿ ಏನೆಂದು ಮಾತು ಶುರು ಮಾಡುವುದು? ಪೆಟ್ಟಿಗೆ ಕೈಯಲ್ಲಿದ್ದರೆ ಏನು ಹೇಳಬೇಕೆಂದು ಗೊತ್ತಿರುತ್ತದೆ. ಬರಿಗೈಯಲ್ಲಿ ನಾನು ಅವನೊಡನೆ ಮಾತಾಡಿ ಎಷ್ಟು ಕಾಲವಾಯಿತೋ.

ಜನವರಿ 2, 2025, ಗುರುವಾರ

ಧೈರ್ಯ ಮಾಡಿ ಮಾಸ್ತಮ್ಮ ಅತ್ತಿಗೆಗೆ ಫೋನ್ ಮಾಡಿದೆ. ನಂಬರನ್ನು ಶ್ರೀಲತಾ ಕೊಟ್ಟಳು. ಅವಳ ಹತ್ತಿರ ಇತ್ತಂತೆ. ಹಬ್ಬಕ್ಕೊಮ್ಮೆ ಅವರಿಬ್ಬರೂ ಮಾತಾಡುತ್ತಾರಂತೆ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

“ಅತ್ತಿಗೆ, ನಾನು ಪ್ರದೀಪ.”

ಆಚೆ ಕಡೆ ಹಸುವಿನ ಗಂಟೆಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, “ಹೇಳು,” ಎಂದರು. ಅವರು ಮದುವೆಯಾಗಿ ಬಂದಾಗ ನಾನು ಚಡ್ಡಿ ಹಾಕುತ್ತಿದ್ದವನು. ಏಕವಚನ ಬಿಟ್ಟಿಲ್ಲ.

“ಅಣ್ಣನ ಕೈ ಯಾವಾಗಿಂದ ಹಂಗಾಗಿದೆ?”

“ಯಾರು ಹೇಳಿದ್ರು ನಿಂಗೆ?”

“ಯಾರೋ ಹೇಳಿದ್ರು.”

“ಅವ್ವ ಹೋದ ಮಾರನೇ ವರ್ಷದಿಂದ. ಮೊದ್ಲು ಬಲಗೈ, ಈಗ ಎರಡೂವ. ಶಿವಮೊಗ್ಗದಾಗೆ ತೋರಿಸಿವಿ. ಮಾತ್ರೆ ಕೊಟ್ಟಾರೆ, ವಾಸಿ ಆಗದಲ್ಲ ಅಂದಾರೆ. ಅನ್ನ ನಾನೇ ಕಲಸಿ ಕೊಡ್ತೀನಿ. ಯಾರಿಗೂ ಹೇಳಬ್ಯಾಡ ಅಂತ ನನ್ನ ಹತ್ರ ಆಣೆ ಮಾಡಿಸ್ಕಂಡಿದ್ರು. ನಿನಗಂತೂ ಹೇಳಲೇಬ್ಯಾಡ ಅಂತ.”

“ನಂಗೆ ಯಾಕೆ ಹೇಳಬಾರ್ದು ಅತ್ತಿಗೆ?”

“ಪೆಟ್ಟಿಗೆ ಹಿಡಿಯಕ್ಕಾಗಲ್ಲ ಅಂತ ಗೊತ್ತಾದ್ರೆ ಅದನ್ನ ನೀನು ಅಲ್ಲೇ ಇಟ್ಕಂತೀಯ. ಆಮೇಲೆ ಈ ಕಡಿಗೆ ಬರದೇ ಬಿಡ್ತೀಯ ಅಂತ.”

ಅತ್ತಿಗೆ ಮುಂದುವರಿಸಿದರು.

“ಬ್ಯಾರೆ ಪೆಟ್ಟಿಗೆ ಮಾಡಿಸ್ತಾನಂತೆ ಅಂತ ಕಲ್ಲಪ್ಪ ಮಾವ ಬಂದು ಹೇಳಿದ್ರಲ್ಲ, ಆವತ್ತು ಊಟ ಮಾಡ್ಲಿಲ್ಲ. ಬೆಳಿಗ್ಗೆ ಎದ್ದು, ಬಿಡು, ನನ್ನ ಕೈಯಾಗೂ ಆಗ್ತಿರ್ಲಿಲ್ಲ ಅಂದ್ರು. ಪೆಟ್ಟಿಗೆ ಬಂದ ದಿನ ಮುಚ್ಚಳ ತೆಗ್ದು ಮುಖ ಹತ್ರ ಹಿಡಿದು, ಇದು ಅದಲ್ಲ ಅಂದ್ರು. ಅವ್ವ ಹಚ್ಚತಿದ್ದ ಎಣ್ಣೆ ವಾಸ್ನೆ ಇಲ್ಲ ಅಂದ್ರು. ಆದ್ರೂ ದಿನಾ ಹೂ ಇಡ್ತಾರೆ. ತಮ್ಮ ಕಳಿಸಿದ್ದು ಅಂತಾರೆ.”

ಫೋನಿಟ್ಟ ಮೇಲೆ ಅಡುಗೆಮನೆಗೆ ಹೋಗಿ ಶ್ರೀಲತಾಳ ಪಕ್ಕ ನಿಂತೆ. ನನಗೆ ಅಳು ಬಂತು. ಅವಳು ಒಲೆ ಸಣ್ಣ ಮಾಡಿದಳು.

ಜನವರಿ 20, ಸೋಮವಾರ

ಬೆಳಿಗ್ಗೆ ಹಳೆ ಪೆಟ್ಟಿಗೆಯನ್ನು ಎತ್ತಿಕೊಂಡು ಸೊರಬದ ಬಸ್ಸು ಹತ್ತಿದೆ. ದಾರಿಯಲ್ಲಿ ಕಲ್ಲಪ್ಪ ಮಾವ ಫೋನ್ ಮಾಡಿದರು. ಶ್ರೀಲತಾ ತಿಳಿಸಿರಬೇಕು.

“ಕಾರ್ತಿಕ ಮುಗ್ದು ಯಾವ ಕಾಲ ಆತು. ಈಗ ಪೆಟ್ಟಿಗೆ ಎತ್ತಬಾರ್ದಪ್ಪ.”

“ಎತ್ತಿ ಆಯ್ತು ಮಾವ. ಬಸ್ಸಲ್ಲಿದೀನಿ.”

“ಕೆಳಗೆ ಇಡಬ್ಯಾಡ ಮತ್ತೆ,” ಎಂದರು ಮಾವ.

ಇಡಲಿಲ್ಲ. ಸೀಟು ಸಿಕ್ಕಿತು, ತೊಡೆಯ ಮೇಲೇ ಇಟ್ಟುಕೊಂಡೆ. ಸೊರಬ ಬರುವ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು. ನನ್ನ ಕೈಗಳು ಗಟ್ಟಿಯಾಗಿವೆ. ಅಣ್ಣ ಹೋದ ಸಲ ಇದೇ ದಾರಿಯಲ್ಲಿ ಇದೇ ಭಾರ ಹೊತ್ತು ಬಂದಿದ್ದ.

ಹೊಸಬಾಳೆಯ ಅಂಗಳದಲ್ಲಿ ಭತ್ತದ ಹುಲ್ಲು ಬಿಸಿಲಿಗೆ ಹರಡಿತ್ತು. ಅತ್ತಿಗೆ ನನ್ನನ್ನು ಕಂಡು ಒಳಗೆ ಓಡಿ ಚೊಂಬಿನಲ್ಲಿ ನೀರು ತಂದರು. ಅಣ್ಣ ಜಗಲಿಯಲ್ಲಿ ಕೂತಿದ್ದ. ಇಳಿದು ಹೋಗಿದ್ದಾನೆ. ನನ್ನನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಕೈಗಳನ್ನು ಟವೆಲಿನಲ್ಲಿ ಸುತ್ತಿಕೊಳ್ಳಲು ಹೊರಟವನು ಅರ್ಧಕ್ಕೇ ನಿಲ್ಲಿಸಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕಿಳಿದು ಬಂದ.

ಎದುರು ನಿಂತು ಕೈ ಒಡ್ಡಿದ. ನಾಲ್ಕು ಕೈಯೂ ಪೆಟ್ಟಿಗೆಯ ಕೆಳಗೆ. ಅವನ ಬೆರಳಿನ ನಡುಕಕ್ಕೆ ಒಳಗಿದ್ದ ಗಂಟೆ ಸಣ್ಣಗೆ ದನಿ ಮಾಡಿತು.

“ಹಿಡ್ಕಂಡ್ಯ?” ಎಂದೆ.

ಅಣ್ಣ ಪೆಟ್ಟಿಗೆಯನ್ನೇ ನೋಡುತ್ತಿದ್ದ. ನಾನು ಕಾದೆ. ಅತ್ತಿಗೆ ಚೊಂಬು ಹಿಡಿದು ಹಾಗೇ ನಿಂತಿದ್ದರು.

“ಇಲ್ಲ,” ಎಂದ ಅಣ್ಣ.

ಆ ಅಂಗಳದಲ್ಲಿ ಇಂಥ ಉತ್ತರವನ್ನು ಯಾರೂ ಕೊಟ್ಟಿರಲಿಕ್ಕಿಲ್ಲ. ನನ್ನ ನೀಲಿ ರೆಕ್ಸಿನ್ನಿನ ಪುಸ್ತಕದಲ್ಲೂ ಇದಕ್ಕೆ ಜಾಗವಿಲ್ಲ. ಉತ್ತರ ಬಂತು, ಉತ್ತರ ಬರಲಿಲ್ಲ, ಎರಡನ್ನೇ ಬರೆದಿದ್ದೇನೆ. ಮುಂದಿನ ಬೆಂಚಿನ ಆ ಹುಡುಗಿ ಕೇಳಿದ್ದಳು. ಪುಸ್ತಕವನ್ನು ಈಗ ತಿದ್ದಲು ಬರುವುದಿಲ್ಲ, ಕೊಟ್ಟಾಗಿದೆ.

ನಾನು ಬಿಡಲಿಲ್ಲ. “ನಡಿ ಅಣ್ಣ, ಹಂಗೇ ಒಳಗೆ ಹೋಗಾಣ,” ಎಂದೆ. ಇಬ್ಬರೂ ಹಿಡಿದುಕೊಂಡೇ ಅಡ್ಡಡ್ಡ ಹೆಜ್ಜೆ ಹಾಕುತ್ತ ಮೆಟ್ಟಿಲು ಹತ್ತಿದೆವು. ಬಾಗಿಲಲ್ಲಿ ನನ್ನ ಮೊಣಕೈ ತರಚಿತು. ದೇವರ ಗೂಡಿನಲ್ಲಿ ನಾನು ಕಳಿಸಿದ್ದು ಕೂತಿತ್ತು. ಅಮ್ಮನ ಬಲಗೆನ್ನೆ ನುಗ್ಗಾಗಿತ್ತು, ಮೇಲೆ ಅವತ್ತಿನ ದಾಸವಾಳ. ಅದರ ಪಕ್ಕದಲ್ಲೇ ಇದನ್ನು ಇಟ್ಟೆವು. ಅಣ್ಣ ಮುಚ್ಚಳದ ಹತ್ತಿರ ಮುಖ ತಂದು ಸುಮ್ಮನೆ ಉಸಿರು ಎಳೆದುಕೊಂಡ.

ಅತ್ತಿಗೆ ಅವನಿಗೆ ಅರ್ಧ ಲೋಟ ಕಾಫಿ ತಂದರು. ಎರಡೂ ಕೈಯಲ್ಲಿ ಹಿಡಿದು ಕುಡಿದ. ಅಂಗಿಯ ಮೇಲೆ ಚೆಲ್ಲಿತು. ನಾನು ಬೇರೆ ಕಡೆ ನೋಡಲಿಲ್ಲ. ಊಟಕ್ಕೆ ಒಟ್ಟಿಗೆ ಕೂತೆವು. ನನ್ನ ಥೀಸಿಸ್ ವಿಷಯ ಕೇಳಿದ. ಏನೋ ಹೇಳಿದೆ. ಗದ್ದೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಾದವನು ನಾನಾಗಿದ್ದೆ. ಊಟದ ಕೊನೆಯವರೆಗೂ ನಾಲಿಗೆ ತುದಿಯಲ್ಲೇ ಇತ್ತು, ಆಡಲಾಗಲಿಲ್ಲ.

ಬಸ್ಸಿಗೆ ಕಳಿಸಲು ರಸ್ತೆಯವರೆಗೆ ಬಂದ. ಬೇಡವೆಂದರೂ ಕೇಳಲಿಲ್ಲ. ಕಾಲೂ ಸ್ವಲ್ಪ ಎಳೆಯುತ್ತದೆ. ಇಬ್ಬರೂ ಮರದ ಕೆಳಗೆ ನಿಂತೆವು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿದಾಗ ಅಣ್ಣ ರಸ್ತೆಯ ಕಡೆ ನೋಡುತ್ತಲೇ ಹೇಳಿದ:

“ಹೋದ್ ಸಲ ನೀನು ಹಿಡ್ಕಂಡೆ ಅನ್ನೋಕೆ ಮುಂಚೆ ಬಿಟ್ಟೆ ಕಣೋ. ನಮ್ಮನೇಲಿ ಯಾರೂ ಹಂಗೆ ಮಾಡಿರ್ಲಿಲ್ಲ. ಅದೊಂದು ನನ್ನ ಮನಸಿಂದ ಹೋಗ್ಲೇ ಇಲ್ಲ.”

ನಾನು ಒಂದು ವರ್ಷ ಸಿಟ್ಟಿನಲ್ಲಿ ಕಳೆದಿದ್ದೆ. ಅವನು ಅದೇ ವರ್ಷವನ್ನು ಹೀಗೆ ಕಳೆದಿದ್ದ. ಬಸ್ಸು ತಿರುವಿನಲ್ಲಿ ಕಾಣಿಸಿತು.

“ಹಿಡ್ಕಂಡಿದ್ದೆ ಅಣ್ಣ,” ಎಂದೆ.